ಲಾರಿಯ ಲೆಕ್ಕ, ಬಸ್ಸಿನ ಲೆಕ್ಕ: ಕರ್ನಾಟಕದ ವಿಶ್ವವಿದ್ಯಾಲಯಗಳ ಅಧ್ಯಾಪಕರಿಗೆ ಒಂದು ಬಹಿರಂಗ ಪತ್ರ

ಸಿವಿಲ್ ಎಂಜಿನಿಯರಿಂಗ್, ಅರ್ಥಶಾಸ್ತ್ರ, ವಾಣಿಜ್ಯ, ಸಂಖ್ಯಾಶಾಸ್ತ್ರ, ಭೂಗೋಳ ವಿಭಾಗಗಳ ಅಧ್ಯಾಪಕ ಮಿತ್ರರೇ,

ಒಂದು ಅಂಕಿಯಿಂದ ಶುರು ಮಾಡುತ್ತೇನೆ. ನಮ್ಮ ದೇಶದಲ್ಲಿ ಸರಕು ಸಾಗಿಸಲು, ಗೋದಾಮಿನಲ್ಲಿಡಲು, ಏರಿಸಿ ಇಳಿಸಲು ಆಗುವ ಒಟ್ಟು ಖರ್ಚು ಜಿಡಿಪಿಯ ಶೇ 13ರಿಂದ 14ರಷ್ಟು ಎಂಬ ಮಾತನ್ನು ವರ್ಷಗಟ್ಟಲೆ ಕೇಳುತ್ತ ಬಂದೆವು. ಮಂತ್ರಿಗಳ ಭಾಷಣದಲ್ಲಿ, ಕೈಗಾರಿಕಾ ಸಂಘಗಳ ಮನವಿಗಳಲ್ಲಿ, ಎಂಬಿಎ ವಿದ್ಯಾರ್ಥಿಗಳ ಪ್ರಾಜೆಕ್ಟ್ ವರದಿಯ ಮೊದಲ ಪುಟದಲ್ಲಿ ಅದೇ ಅಂಕಿ. 2022ರ ಸೆಪ್ಟೆಂಬರ್ 17ರಂದು ರಾಷ್ಟ್ರೀಯ ಲಾಜಿಸ್ಟಿಕ್ಸ್ ನೀತಿ ಬಿಡುಗಡೆಯಾದಾಗ ಈ ವೆಚ್ಚವನ್ನು ಒಂದಂಕಿಗೆ ಇಳಿಸಬೇಕೆಂಬ ಮಾತೂ ಬಂತು. ಮರುವರ್ಷದ ಡಿಸೆಂಬರಿನಲ್ಲಿ ದೆಹಲಿಯ ಎನ್‌ಸಿಎಇಆರ್ ಆರ್ಥಿಕ ಸಂಶೋಧನಾ ಸಂಸ್ಥೆ ಕೇಂದ್ರ ಸರ್ಕಾರಕ್ಕಾಗಿ ಕೂತು ಲೆಕ್ಕ ಹಾಕಿದಾಗ 2021–22ರಲ್ಲಿ ಆ ಖರ್ಚು ಜಿಡಿಪಿಯ ಶೇ 7.8ರಿಂದ 8.9ರ ನಡುವೆ ಇತ್ತೆಂದು ತಿಳಿಯಿತು. 2025ರ ಇನ್ನೊಂದು ಅಂದಾಜು ಅದನ್ನು ಶೇ 7.97 ಎಂದಿತು. ಅಂದರೆ ನಾವು ತಲುಪಬೇಕೆಂದು ಹೊರಟ ಊರಿನಲ್ಲೇ ನಿಂತು ಬಸ್ಸಿಗೆ ಕಾಯುತ್ತಿದ್ದೆವು! ಹೊಸ ಅಂದಾಜಿನ ವಿಧಾನದ ಬಗ್ಗೆ ತಕರಾರು ಇರಬಹುದು, ಇರಲಿ. ತಕರಾರು ಮಾಡುವುದಕ್ಕಾದರೂ ಅಲ್ಲಿ ಒಂದು ವಿಧಾನವಿದೆ. ಹಳೆಯ ಅಂಕಿಗೆ ಇದ್ದದ್ದು ಬಾಯಿಂದ ಬಾಯಿಗೆ ಹೋದ ಪ್ರಸಿದ್ಧಿ ಮಾತ್ರ.

ಇದನ್ನು ಹೇಳಿ ಸರ್ಕಾರವನ್ನು ನಗೆಪಾಟಲು ಮಾಡುವುದು ಸುಲಭ. ನನ್ನ ಪ್ರಶ್ನೆ ನಿಮಗೆ. ಇಷ್ಟು ದೊಡ್ಡ ದೇಶದಲ್ಲಿ, ಇಷ್ಟೊಂದು ವಿಶ್ವವಿದ್ಯಾಲಯಗಳಿರುವಾಗ, ಆ ಶೇ 14 ಎಲ್ಲಿಂದ ಬಂತು ಎಂದು ಕೇಳಿ, ಕಾಗದ ಪೆನ್ಸಿಲ್ ಹಿಡಿದು ಕೂರುವುದು ಯಾರ ಕೆಲಸವಾಗಿತ್ತು? ಸಚಿವಾಲಯದ್ದಲ್ಲ, ಅದಕ್ಕೆ ದೊಡ್ಡ ಅಂಕಿಯೇ ಅನುಕೂಲ. ಕೈಗಾರಿಕಾ ಸಂಘಗಳದ್ದೂ ಅಲ್ಲ, ರಿಯಾಯಿತಿ ಕೇಳುವವರಿಗೆ ಖರ್ಚು ಜಾಸ್ತಿ ಕಂಡಷ್ಟೂ ಒಳ್ಳೆಯದು. ಅಂಕಿ ದೊಡ್ಡದಾದರೂ ಸಣ್ಣದಾದರೂ ಲಾಭ ನಷ್ಟವಿಲ್ಲದ ಒಬ್ಬನೇ ಒಬ್ಬ ಆಸಾಮಿ ಇರುವುದು ವಿಶ್ವವಿದ್ಯಾಲಯದಲ್ಲಿ. ಸಾರಿಗೆಯ ವಿಷಯದಲ್ಲಿ ಆ ಆಸಾಮಿ ನಮ್ಮ ರಾಜ್ಯದಲ್ಲಿ ತನ್ನ ಜಾಗಕ್ಕೆ ಇನ್ನೂ ಬಂದು ಕೂತಿಲ್ಲ ಎಂಬುದು ಈ ಪತ್ರದ ತಕರಾರು.

ನಮ್ಮಲ್ಲಿ ಸಾರಿಗೆಯನ್ನು ಕಲಿಸುವುದಿಲ್ಲ ಎನ್ನುವ ಹಾಗಿಲ್ಲ. ದೇಶದ ಸಿವಿಲ್ ವಿದ್ಯಾರ್ಥಿಗಳೆಲ್ಲ ಕೈಯಲ್ಲಿ ಹಿಡಿದು ಓದಿದ ‘ಹೈವೇ ಎಂಜಿನಿಯರಿಂಗ್’ ಪುಸ್ತಕದ ಇಬ್ಬರು ಮೂಲ ಲೇಖಕರಲ್ಲಿ ಒಬ್ಬರಾದ ಸಿ.ಇ.ಜಿ. ಜಸ್ಟೊ ಬೆಂಗಳೂರು ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾಗಿದ್ದವರು. ‘ಖನ್ನಾ–ಜಸ್ಟೊ’ ಎಂದರೆ ಸಾಕು, ಪುಸ್ತಕದ ಹೆಸರು ಹೇಳಬೇಕಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2009ರಲ್ಲಿ ರಾಜ್ಯ ಸರ್ಕಾರದ ನೆರವಿನಿಂದ ಸಿಸ್ಟಪ್ ಎಂಬ ಸಾರಿಗೆ ಅಧ್ಯಯನ ಕೇಂದ್ರ ಹುಟ್ಟಿತು. ಡಾಂಬರು, ಜಲ್ಲಿ, ತಿರುವು, ಏರು, ಸಿಗ್ನಲ್ ಇವುಗಳ ವಿದ್ಯೆಯಲ್ಲಿ ಕರ್ನಾಟಕ ಹಿಂದೆ ಬಿದ್ದಿಲ್ಲ. ತೊಂದರೆ ಇರುವುದು ರಸ್ತೆ ಮುಗಿದು ವಾಹನ ಶುರುವಾಗುವ ಜಾಗದಲ್ಲಿ. ರಸ್ತೆಯನ್ನು ಹೇಗೆ ಕಟ್ಟಬೇಕು ಎಂಬುದು ಪಾಠ, ಅದರ ಮೇಲೆ ಯಾರು ಹೋಗುತ್ತಾರೆ, ಏನು ಹೋಗುತ್ತದೆ, ಯಾರ ದುಡ್ಡಿನಲ್ಲಿ ಹೋಗುತ್ತದೆ ಎಂಬುದು ಸಾಮಾನ್ಯವಾಗಿ ಕೊನೆಯ ಮಾಡ್ಯೂಲಿನ ಅರ್ಧ ಪುಟ. ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಆ ಅರ್ಧ ಪುಟದ ಗತಿ ಏನಾಗುತ್ತದೆಂದು ನಿಮಗೆ ನಾನು ಹೇಳಬೇಕಿಲ್ಲ. ಅತ್ತ ವಾಣಿಜ್ಯ ವಿಭಾಗದಲ್ಲಿ ‘ಲಾಜಿಸ್ಟಿಕ್ಸ್’ ಎಂಬ ಹೆಸರಿನಲ್ಲಿ ಗೋದಾಮು ನಿರ್ವಹಣೆಯ ಕೋರ್ಸುಗಳು ಬಂದಿವೆ. ಇತ್ತ ಅರ್ಥಶಾಸ್ತ್ರ ವಿಭಾಗಕ್ಕೆ ಸಾರಿಗೆ ಎಂದರೆ ಮೂಲಸೌಕರ್ಯದ ಪಟ್ಟಿಯಲ್ಲಿ ವಿದ್ಯುತ್ತಿನ ಪಕ್ಕದಲ್ಲಿ ಬರುವ ಒಂದು ಪದ. ಒಂದೇ ಲಾರಿಯನ್ನು ಮೂರು ವಿಭಾಗಗಳು ಮೂರು ತುಂಡು ಮಾಡಿಕೊಂಡಿವೆ. ಚಕ್ರ ಒಬ್ಬರಿಗೆ, ಸರಕು ಒಬ್ಬರಿಗೆ, ಬಾಡಿಗೆ ಇನ್ನೊಬ್ಬರಿಗೆ.

ಹೀಗೆ ತುಂಡಾದದ್ದರಿಂದ ಏನು ಕೈತಪ್ಪುತ್ತದೆ ಎಂಬುದಕ್ಕೆ ನಿಮ್ಮ ಪಠ್ಯದೊಳಗಿನ ಉದಾಹರಣೆಯನ್ನೇ ಎತ್ತಿಕೊಳ್ಳುತ್ತೇನೆ. 1958ರಿಂದ 1960ರವರೆಗೆ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಪ್ರಯೋಗಕ್ಕೆಂದೇ ಕಟ್ಟಿದ ರಸ್ತೆಗಳ ಮೇಲೆ ಲಾರಿಗಳನ್ನು ಓಡಿಸಿ ಓಡಿಸಿ ನೋಡಿದರು. ಅದರಿಂದ ಹೊರಬಂದದ್ದು ನಾಲ್ಕನೇ ಘಾತದ ನಿಯಮ: ಅಚ್ಚಿನ ಮೇಲಿನ ಭಾರ ಇಮ್ಮಡಿಯಾದರೆ ರಸ್ತೆಗೆ ಆಗುವ ಹಾನಿ ಸುಮಾರು ಹದಿನಾರು ಪಟ್ಟು. ಪ್ರತಿಯೊಬ್ಬ ಸಿವಿಲ್ ವಿದ್ಯಾರ್ಥಿಯೂ ಇದನ್ನು ಸೂತ್ರವಾಗಿ ಕಲಿತು, ರಸ್ತೆಯ ದಪ್ಪ ಲೆಕ್ಕ ಹಾಕಿ, ಅಂಕ ಪಡೆದು ಮರೆಯುತ್ತಾನೆ. 2018ರ ಜುಲೈಯಲ್ಲಿ ಕೇಂದ್ರ ಸರ್ಕಾರ ಲಾರಿಗಳ ಅಚ್ಚಿನ ಮೇಲಿನ ಭಾರದ ಮಿತಿಯನ್ನು ಏರಿಸಿತು. ನಾಲ್ಕು ಟೈರಿನ ಒಂಟಿ ಅಚ್ಚಿಗೆ 10.2 ಟನ್ ಇದ್ದದ್ದು 11.5 ಟನ್ ಆಯಿತು. ಏರಿಕೆ ಶೇ 13ಕ್ಕಿಂತ ಕಡಿಮೆ. ಅದೇ ಸೂತ್ರಕ್ಕೆ ಹಾಕಿ ನೋಡಿ, ಅಚ್ಚೊಂದು ಒಮ್ಮೆ ಹಾದುಹೋದಾಗ ಆಗುವ ಹಾನಿ ಶೇ 60ಕ್ಕಿಂತ ಹೆಚ್ಚು ಏರುತ್ತದೆ. ಹಾಗಾದರೆ ಆದೇಶ ತಪ್ಪೇ? ಅಷ್ಟು ಬೇಗ ಹೇಳಲಾಗದು. ಒಂದೇ ಸಲಕ್ಕೆ ಹೆಚ್ಚು ಸರಕು ಹೋದರೆ ಒಟ್ಟು ಟ್ರಿಪ್ಪುಗಳು ಕಡಿಮೆಯಾಗುತ್ತವೆ, ಡೀಸೆಲ್ ಉಳಿಯುತ್ತದೆ, ಬಾಡಿಗೆ ಇಳಿಯುತ್ತದೆ. ಹಳೆಯ ಮಿತಿಯನ್ನು ಯಾರೂ ಪಾಲಿಸುತ್ತಿರಲಿಲ್ಲ ಎಂಬುದೂ ಒಂದು ವಾದ, ಅದರಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಉಳಿದ ಬಾಡಿಗೆ ಹೋಗುವುದು ಸರಕಿನ ಮಾಲೀಕನ ಜೇಬಿಗೆ, ಒಡೆದ ರಸ್ತೆಯ ಖರ್ಚು ಬೀಳುವುದು ಲೋಕೋಪಯೋಗಿ ಇಲಾಖೆಯ ತಲೆಗೆ. ಮಲೆನಾಡಿನ ಮಳೆಯಲ್ಲಿ ನೆನೆದ ಶಿರಾಡಿ ಘಾಟಿಯ ರಸ್ತೆಗೂ ಬಳ್ಳಾರಿಯ ಒಣ ನೆಲದ ರಸ್ತೆಗೂ ಈ ಕೂಡು ಕಳೆಯುವಿಕೆ ಒಂದೇ ಆಗಿರಲು ಸಾಧ್ಯವಿಲ್ಲ. ಈ ಲೆಕ್ಕ ಹಾಕಲು ಹಾನಿಯ ಸೂತ್ರ ಬಲ್ಲ ಎಂಜಿನಿಯರ್ ಬೇಕು, ಬಾಡಿಗೆಯ ಏರಿಳಿತ ಬಲ್ಲ ಅರ್ಥಶಾಸ್ತ್ರಿ ಬೇಕು, ಬುಕಿಂಗ್ ಆಫೀಸಿನ ವಹಿವಾಟು ಬಲ್ಲ ವಾಣಿಜ್ಯ ಅಧ್ಯಾಪಕ ಬೇಕು. ಮೂವರೂ ಒಂದೇ ಕ್ಯಾಂಪಸ್ಸಿನಲ್ಲಿದ್ದಾರೆ, ಒಂದೇ ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತಾರೆ. ಒಂದು ಮೇಜಿಗೆ ಬರುವುದಷ್ಟೇ ಬಾಕಿ.

‘ದತ್ತಾಂಶ ಎಲ್ಲಿದೆ ಸ್ವಾಮಿ’ ಎಂದು ನೀವು ಕೇಳುತ್ತೀರಿ. ಇದು ಎಲ್ಲಕ್ಕಿಂತ ಮೊದಲು ಬರುವ ಆಕ್ಷೇಪ, ಎಲ್ಲಕ್ಕಿಂತ ಗಟ್ಟಿಯಾದದ್ದೂ ಹೌದು. ಆದರೆ ಹತ್ತು ವರ್ಷದ ಹಿಂದೆ ಅದಕ್ಕಿದ್ದ ಬಲ ಈಗ ಉಳಿದಿಲ್ಲ. ಜಿಎಸ್‌ಟಿ ಬಂದ ಮೇಲೆ ಐವತ್ತು ಸಾವಿರ ರೂಪಾಯಿಗಿಂತ ಹೆಚ್ಚು ಬೆಲೆಯ ಸರಕು ಸಾಗಿಸಲು ಇ–ವೇ ಬಿಲ್ ಬೇಕು. ಅದರಲ್ಲಿ ಸರಕಿನ ಬಗೆ, ಬೆಲೆ, ಎಲ್ಲಿಂದ ಎಲ್ಲಿಗೆ, ಎಷ್ಟು ದೂರ, ಯಾವ ಗಾಡಿ ಎಲ್ಲವೂ ದಾಖಲಾಗುತ್ತದೆ. ಈ ವ್ಯವಸ್ಥೆಗೆ ಮಾದರಿಯಾದದ್ದು ನಮ್ಮದೇ ವಾಣಿಜ್ಯ ತೆರಿಗೆ ಇಲಾಖೆಯ ಇ–ಸುಗಮ್. 2018ರ ಏಪ್ರಿಲ್ 1ರಂದು ರಾಜ್ಯದೊಳಗಿನ ಸಾಗಣೆಗೂ ಇ–ವೇ ಬಿಲ್ ಜಾರಿ ಮಾಡಿದ ಮೊದಲ ರಾಜ್ಯವೂ ಕರ್ನಾಟಕವೇ. ಕೋಲಾರದ ಟೊಮೆಟೊಗೆ ಇ–ವೇ ಬಿಲ್ ಬೇಕಿಲ್ಲ, ತಾಜಾ ತರಕಾರಿಗೆ ವಿನಾಯಿತಿ ಇದೆ. ಆದರೆ ಸಿಮೆಂಟು, ಉಕ್ಕು, ಬಟ್ಟೆ, ಔಷಧಿ, ಪೈಪು ಇವೆಲ್ಲ ಯಾವ ಜಿಲ್ಲೆಯಿಂದ ಯಾವ ಜಿಲ್ಲೆಗೆ ಎಷ್ಟು ಹೋಗುತ್ತವೆ ಎಂಬ ನಕ್ಷೆ ಆ ಕಡತಗಳ ಒಳಗೆ ಮಲಗಿದೆ. ಅಮೆರಿಕದಲ್ಲಿ ಇಂಥ ನಕ್ಷೆಗಾಗಿ 1993ರಿಂದ ಐದು ವರ್ಷಕ್ಕೊಮ್ಮೆ ಸಾವಿರಾರು ಉದ್ದಿಮೆಗಳಿಗೆ ಪ್ರಶ್ನಾವಳಿ ಕಳಿಸಿ ಸರಕು ಹರಿವಿನ ಸಮೀಕ್ಷೆ ಮಾಡುತ್ತಾರೆ. ಅವರು ಕೇಳಿ ಪಡೆಯುವುದು ನಮ್ಮಲ್ಲಿ ತಾನಾಗಿಯೇ ಬಂದು ಬಿದ್ದಿದೆ, ತೆರಿಗೆಯವರು ತೆರಿಗೆ ನೋಡಿಕೊಂಡು ಬದಿಗಿಡುತ್ತಾರೆ. ವ್ಯಾಪಾರಿಯ ಹೆಸರು, ಗಾಡಿಯ ನಂಬರು ಅಳಿಸಿ, ಜಿಲ್ಲೆ ಜಿಲ್ಲೆಯ ಮೊತ್ತ ಮಾತ್ರ ಕೊಡಿ ಎಂದು ಕೇಳಿದರೆ ಗೋಪ್ಯತೆಯ ಪ್ರಶ್ನೆ ಏಳುವುದಿಲ್ಲ. ಆದರೆ ಕೇಳಬೇಕು. ಒಂದೊಂದು ಕಾಲೇಜಿನ ಒಬ್ಬೊಬ್ಬ ಪಿಎಚ್‌ಡಿ ವಿದ್ಯಾರ್ಥಿ ಒಂದೊಂದು ಅರ್ಜಿ ಹಿಡಿದು ಕಚೇರಿ ಅಲೆಯುವುದು ಬೇರೆ, ವಿಶ್ವವಿದ್ಯಾಲಯಗಳು ಕೂಡಿ ಒಂದು ಒಪ್ಪಂದಕ್ಕೆ ಕೂರುವುದು ಬೇರೆ.

ಎರಡನೆಯ ಗಣಿ ಇನ್ನೂ ದೊಡ್ಡದು. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಯಿತು. 2025ರ ಜುಲೈ ಹೊತ್ತಿಗೆ ಹೆಂಗಸರ ಉಚಿತ ಪ್ರಯಾಣಗಳ ಸಂಖ್ಯೆ 500 ಕೋಟಿ ಮುಟ್ಟಿತು. ಪ್ರತಿ ಪ್ರಯಾಣಕ್ಕೂ ಕಂಡಕ್ಟರ್ ಮಷೀನಿನಿಂದ ಒಂದು ಶೂನ್ಯ ಟಿಕೆಟ್ ಹೊರಬಿದ್ದಿದೆ. ಹತ್ತಿದ್ದು ಎಲ್ಲಿ, ಇಳಿಯಬೇಕಾದದ್ದು ಎಲ್ಲಿ, ಯಾವ ಹೊತ್ತು, ಎಲ್ಲ ಅದರಲ್ಲಿದೆ. ಟಿಕೆಟ್ ದರ ಒಂದೇ ದಿನದಲ್ಲಿ ಸೊನ್ನೆಗೆ ಇಳಿದರೆ ಜನರ ಓಡಾಟ ಹೇಗೆ ಬದಲಾಗುತ್ತದೆ ಎಂದು ನೋಡಬೇಕೆನ್ನುವ ಯಾವ ಸಾರಿಗೆ ಅರ್ಥಶಾಸ್ತ್ರಿಗಾದರೂ ಇಂಥ ಪ್ರಯೋಗ ಜನ್ಮದಲ್ಲಿ ಒಮ್ಮೆ ಸಿಕ್ಕರೆ ಹೆಚ್ಚು. ನಮ್ಮ ಚರ್ಚೆ ಮಾತ್ರ ಇನ್ನೂ ಬೊಕ್ಕಸ ಬರಿದಾಯಿತು ಎನ್ನುವವರು ಮತ್ತು ದೇವಸ್ಥಾನ ತುಂಬಿತು ಎನ್ನುವವರ ನಡುವೆ ನಿಂತಿದೆ. ಸಿಂಧನೂರಿನ ಹೆಣ್ಣುಮಗಳು ಈಗ ಹತ್ತಿರದ ಆಸ್ಪತ್ರೆ ಬಿಟ್ಟು ರಾಯಚೂರಿನ ಆಸ್ಪತ್ರೆಗೆ ಹೋಗುತ್ತಾಳೆಯೇ? ಗಾರ್ಮೆಂಟ್ಸ್ ಕೆಲಸಗಾರ್ತಿ ಇನ್ನೂ ಎರಡು ಸ್ಟಾಪು ಆಚೆಯ ಕಾರ್ಖಾನೆಯಲ್ಲಿ ಹೆಚ್ಚಿನ ಸಂಬಳಕ್ಕೆ ಸೇರಿದಳೇ? ಸೀಟಿಲ್ಲದೆ ಗಂಡಸರು ಬೈಕು ಕೊಂಡರೇ? ಇವು ಭಾಷಣದಲ್ಲಿ ಇತ್ಯರ್ಥವಾಗುವ ಪ್ರಶ್ನೆಗಳಲ್ಲ. ಎಚ್ಚರಿಕೆಯೂ ಬೇಕು. ದುಡ್ಡು ಕೊಡುವ ಪ್ರಯಾಣಿಕ ತನ್ನ ಟಿಕೆಟ್ಟಿನಲ್ಲಿ ಸ್ಟೇಜು ತಪ್ಪಾಗಿದ್ದರೆ ಜಗಳ ತೆಗೆಯುತ್ತಾನೆ. ಶೂನ್ಯ ಟಿಕೆಟ್ಟಿನಲ್ಲಿ ಇಳಿಯುವ ಊರು ತಪ್ಪಾಗಿ ಅಚ್ಚಾದರೆ ಯಾರಿಗೂ ನಷ್ಟವಿಲ್ಲ, ಹಾಗಾಗಿ ಯಾರೂ ತಿದ್ದಿಸುವುದಿಲ್ಲ. ಆ ರಾಶಿಯನ್ನು ಕೇರಿ, ಜರಡಿ ಹಿಡಿದು, ಎಷ್ಟು ಕಾಳು ಎಷ್ಟು ಹೊಟ್ಟು ಎಂದು ಹೇಳುವುದೇ ಸಂಖ್ಯಾಶಾಸ್ತ್ರ ವಿಭಾಗದ ಎರಡು ಮೂರು ಪ್ರಬಂಧಗಳ ಕೆಲಸ.

ಇದನ್ನೆಲ್ಲ ಮಾಡಲು ಕನ್ಸಲ್ಟೆಂಟರಿದ್ದಾರಲ್ಲ, ಪುಣೆಯಲ್ಲಿ ರಸ್ತೆ ಸಾರಿಗೆ ಸಂಸ್ಥೆ ಸಿಐಆರ್‌ಟಿ ಇದೆ, ದೆಹಲಿಯಲ್ಲಿ ರಸ್ತೆ ಸಂಶೋಧನಾ ಸಂಸ್ಥೆ ಸಿಆರ್‌ಆರ್‌ಐ ಇದೆ, ವಡೋದರದಲ್ಲಿ 2022ರಿಂದ ಗತಿಶಕ್ತಿ ವಿಶ್ವವಿದ್ಯಾಲಯವೇ ಇದೆ ಎನ್ನುವವರಿಗೆ ಬರ್ಕ್ಲಿಯ ಕತೆ ಹೇಳಬೇಕು. ಸ್ಯಾನ್‌ಫ್ರಾನ್ಸಿಸ್ಕೊ ಕೊಲ್ಲಿಯ ಸುತ್ತ ಬಾರ್ಟ್ ಎಂಬ ರೈಲು 1972ರಲ್ಲಿ ಓಡತೊಡಗಿತು. ಅದು ಓಡಿದರೆ ದಿನನಿತ್ಯದ ಪ್ರಯಾಣಿಕರಲ್ಲಿ ಶೇ 15ರಷ್ಟು ಮಂದಿ ಅದನ್ನು ಹಿಡಿಯುತ್ತಾರೆಂದು ಅಧಿಕೃತ ಅಂದಾಜು ಹೇಳಿತ್ತು. ಅಲ್ಲಿನ ಬರ್ಕ್ಲಿ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಿ ಡೇನಿಯಲ್ ಮ್ಯಾಕ್‌ಫ್ಯಾಡನ್ ಮತ್ತು ಸಂಗಡಿಗರು, ಜನ ಕಾರು, ಬಸ್ಸು, ರೈಲುಗಳ ನಡುವೆ ಆರಿಸಿಕೊಳ್ಳುವಾಗ ಕಾಯುವ ಹೊತ್ತು, ನಡೆಯುವ ದೂರ, ಖರ್ಚು ಇವನ್ನು ಮನಸ್ಸಿನಲ್ಲಿ ಹೇಗೆ ತೂಗುತ್ತಾರೆ ಎಂಬುದಕ್ಕೆ ಒಂದು ಗಣಿತ ಕಟ್ಟಿ, ಶೇ 6.3 ಎಂದರು. ನಿಜವಾಗಿ ಹತ್ತಿದವರು ಶೇ 6.2. ಮ್ಯಾಕ್‌ಫ್ಯಾಡನ್‌ಗೆ 2000ದಲ್ಲಿ ನೊಬೆಲ್ ಬಂತು. ಇಂದು ಜಗತ್ತಿನ ಕನ್ಸಲ್ಟೆಂಟರು ಬಳಸುವ ಸಲಕರಣೆ ಆ ಗಣಿತವೇ. ಇಲ್ಲಿ ಗಮನಿಸಬೇಕಾದದ್ದು ಬುದ್ಧಿಯ ಹೆಚ್ಚು ಕಡಿಮೆಯನ್ನಲ್ಲ. ರೈಲು ಕಟ್ಟಲೇಬೇಕೆಂದಿರುವ ಕಚೇರಿಗೆ ಕೆಲಸ ಮಾಡುವವನ ಮುಂದೆ ಉತ್ತರ ಮೊದಲೇ ಇರುತ್ತದೆ, ಅವನು ಅಂಕಿಯನ್ನು ಅದರ ಹತ್ತಿರ ನಡೆಸಿಕೊಂಡು ಹೋಗುತ್ತಾನೆ. ವರದಿ ಕಪಾಟು ಸೇರುತ್ತದೆ, ಹತ್ತು ವರ್ಷದ ನಂತರ ಅಂದಾಜು ಸರಿಯಾಯಿತೇ ಎಂದು ತೆಗೆದು ನೋಡುವವರು ಇರುವುದಿಲ್ಲ. ಬೆಂಗಳೂರಿನ ನಮ್ಮ ಮೆಟ್ರೊ 2011ರ ಅಕ್ಟೋಬರ್ 20ರಿಂದ ಓಡುತ್ತಿದೆ. 2025ರ ಫೆಬ್ರುವರಿಯಲ್ಲಿ ಗರಿಷ್ಠ ಟಿಕೆಟ್ ದರ 60 ರೂಪಾಯಿಯಿಂದ 90ಕ್ಕೆ ಹೋಯಿತು. ದರ ಇಷ್ಟು ಏರಿದರೆ ಎಷ್ಟು ಮಂದಿ ಬಿಟ್ಟುಹೋಗುತ್ತಾರೆ, ಹೋದವರು ಬಸ್ಸು ಹತ್ತುತ್ತಾರೋ ಸ್ಕೂಟರು ತೆಗೆಯುತ್ತಾರೋ ಎಂಬ ಉತ್ತರ ಏರಿಕೆಗೆ ಮೊದಲೇ ಸಾರ್ವಜನಿಕರ ಮುಂದಿರಬೇಕಿತ್ತು. ಅದನ್ನು ಇಡಬೇಕಾದ ಸಂಸ್ಥೆ ಮೆಟ್ರೊ ನಿಗಮವೇ ಆಗಿರಬೇಕೆಂದು ಬಯಸುವುದು, ಪರೀಕ್ಷೆ ಬರೆದವನ ಕೈಗೇ ಉತ್ತರಪತ್ರಿಕೆ ತಿದ್ದಲು ಕೊಟ್ಟ ಹಾಗೆ.

ದೂರದ ರಾಷ್ಟ್ರೀಯ ಸಂಸ್ಥೆಗಳ ಬಗ್ಗೆ ಗೌರವವಿದೆ. ಆದರೆ ವಡೋದರದಲ್ಲಿ ಕೂತವರು ಯಶವಂತಪುರ ಎಪಿಎಂಸಿಯಲ್ಲಿ ಹಮಾಲಿಗೆ ಮೂಟೆಯ ಲೆಕ್ಕದಲ್ಲಿ ಕೂಲಿಯೋ ದಿನದ ಲೆಕ್ಕದಲ್ಲೋ ಎಂದು ಬಂದು ಕೇಳುವುದಿಲ್ಲ. ಸರಕು ಸಾಗಣೆಯ ಖರ್ಚಿನಲ್ಲಿ ಆ ಕೂಲಿಯೂ ಇದೆ, ಲೋಡಿಗಾಗಿ ಎರಡು ದಿನ ಕಾದ ಡ್ರೈವರನ ಭತ್ಯೆಯೂ ಇದೆ, ವಾಪಸು ಖಾಲಿ ಬರುವ ಲಾರಿಯ ಡೀಸೆಲ್ಲೂ ಇದೆ. ಕನ್ನಡದಲ್ಲಿ, ಉರ್ದುವಿನಲ್ಲಿ, ತಮಿಳಿನಲ್ಲಿ ಮಾತಾಡಿಸಿ ತಿಳಿಯಬೇಕಾದ ಸಂಗತಿಗಳಿವು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ರಾಜ್ಯದ ಉದ್ದಗಲಕ್ಕೆ ಇನ್ನೂರರಷ್ಟು ಕಾಲೇಜುಗಳು ಸೇರಿವೆ. ಯಾವ ಕನ್ಸಲ್ಟೆಂಟನಿಗೂ ಇಷ್ಟು ಶಾಖೆಗಳಿಲ್ಲ.

ಇನ್ನೊಂದು ಆಕ್ಷೇಪ ಚುಚ್ಚುವಂಥದ್ದು. ವಿಶ್ವವಿದ್ಯಾಲಯದವರ ಮಾತು ಕೇಳಿದ್ದಕ್ಕೇ ದೆಹಲಿಯಲ್ಲಿ ಬಸ್ಸಿಗೇ ಮೀಸಲು ಪಥದ ಬಿಆರ್‌ಟಿ ಆಯಿತು, ಏನಾಯಿತು ನೋಡಿ ಎನ್ನುತ್ತಾರೆ. ಅಂಬೇಡ್ಕರ್ ನಗರದಿಂದ ಮೂಲ್‌ಚಂದ್‌ವರೆಗಿನ 5.8 ಕಿಲೋಮೀಟರ್ ಬಸ್ ಪಥ 2008ರಲ್ಲಿ ಶುರುವಾಗಿ 2016ರಲ್ಲಿ ಕಿತ್ತುಹೋಯಿತು. ಅದರ ಹಿಂದೆ ದೆಹಲಿ ಐಐಟಿಯ ಸಂಶೋಧಕರ ಆಲೋಚನೆ ಇತ್ತು ಎಂಬುದು ನಿಜ. ಆದರೆ ಅದರ ಬಗ್ಗೆ ನಡೆದ ಜಗಳ ನೋಡಿ. 2012ರಲ್ಲಿ ಅದು ಹೈಕೋರ್ಟಿನಲ್ಲಿದ್ದಾಗ ಸಿಆರ್‌ಆರ್‌ಐ ಅಳೆದು ವರದಿ ಕೊಟ್ಟಿತು, ಐಐಟಿಯವರು ಆ ಅಳತೆಯನ್ನೇ ಪ್ರಶ್ನಿಸಿದರು. ಗಾಡಿಗಳನ್ನು ಎಣಿಸಬೇಕೋ ಮನುಷ್ಯರನ್ನು ಎಣಿಸಬೇಕೋ ಎಂಬ ಮೂಲ ಪ್ರಶ್ನೆ ನ್ಯಾಯಾಲಯದ ಮುಂದೆ ಬಂತು, ಪಥವನ್ನು ಮುಚ್ಚಿಸಿ ಎಂಬ ಅರ್ಜಿ ಬಿದ್ದುಹೋಯಿತು. ಆಮೇಲೆ ರಾಜಕೀಯ ತೀರ್ಮಾನ ಅದನ್ನು ಕಿತ್ತುಹಾಕಿತು, ಅದು ಆಳುವವರ ಅಧಿಕಾರ. ಸೋತರೂ ಯಾಕೆ ಸೋತಿತು ಎಂದು ಈಗಲೂ ಓದಿ ತಿಳಿಯಬಹುದು.

ನಮ್ಮ ಹುಬ್ಬಳ್ಳಿ–ಧಾರವಾಡದ ಬಿಆರ್‌ಟಿಎಸ್ ದೆಹಲಿಯದಕ್ಕಿಂತ ಸುಮಾರು ನಾಲ್ಕು ಪಟ್ಟು ಉದ್ದ, 22 ಕಿಲೋಮೀಟರಿನಷ್ಟು. ಅದರ ‘ಚಿಗರಿ’ ಹೆಸರಿನ ಬಸ್ಸುಗಳು 2018ರ ಅಕ್ಟೋಬರಿನಿಂದ ಅಲ್ಲಿ ಓಡುತ್ತಿವೆ. ಅದು ಬೇಡ, ಪಥ ತೆಗೆದು ರಸ್ತೆ ಎಲ್ಲರಿಗೂ ಬಿಡಿ ಎಂಬ ಕೂಗು ಅಲ್ಲಿಯೂ ಎದ್ದಿದೆ. ಕೂಗುವವರ ಸಿಟ್ಟು ಸುಳ್ಳಲ್ಲ, ಪಕ್ಕದ ಇಕ್ಕಟ್ಟಿನಲ್ಲಿ ಸಿಕ್ಕಿಬಿದ್ದವನಿಗೆ ಮಧ್ಯದ ಖಾಲಿ ಪಥ ಕಣ್ಣು ಕುಕ್ಕುತ್ತದೆ. ಬಸ್ಸಿನೊಳಗಿನವರ ಅನುಕೂಲವೂ ಸುಳ್ಳಲ್ಲ, ಅವರು ಕೂಗುವುದಿಲ್ಲ ಅಷ್ಟೇ. ಈ ಎರಡು ಊರುಗಳ ಆಸುಪಾಸಿನಲ್ಲಿ ಕರ್ನಾಟಕ ವಿಶ್ವವಿದ್ಯಾಲಯವಿದೆ, ಕೃಷಿ ವಿಶ್ವವಿದ್ಯಾಲಯವಿದೆ, ಐಐಟಿ ಇದೆ, ಐಐಐಟಿ ಇದೆ, ಹುಬ್ಬಳ್ಳಿಯಲ್ಲಿ ತಾಂತ್ರಿಕ ವಿಶ್ವವಿದ್ಯಾಲಯವಿದೆ. ಪ್ರತಿ ವರ್ಷ ಒಂದು ನಿಗದಿತ ವಾರ, ಒಂದೇ ವಿಧಾನದಲ್ಲಿ, ಆ ರಸ್ತೆಯ ಎರಡೂ ಪಥಗಳಲ್ಲಿ ಗಂಟೆಗೆ ಎಷ್ಟು ಮನುಷ್ಯರು ದಾಟುತ್ತಾರೆ, ಎಷ್ಟು ನಿಮಿಷ ಕಾಯುತ್ತಾರೆ, ಎಷ್ಟು ಜನ ರಸ್ತೆ ದಾಟುವಾಗ ಗಾಯಗೊಂಡರು ಎಂದು ಎಣಿಸಿ ಕನ್ನಡದಲ್ಲಿ ನಾಲ್ಕು ಪುಟ ಪ್ರಕಟಿಸುವುದು ಇವುಗಳ ಅಳವಿಗೆ ಮೀರಿದ್ದಲ್ಲ. ಒಂದು ವರ್ಷದ ಎಣಿಕೆಯಿಂದ ಏನೂ ಆಗದು. ಆರು ವರ್ಷದ ಎಣಿಕೆ ಮೇಜಿನ ಮೇಲಿದ್ದರೆ ಶಾಸಕರೂ ಪಾಲಿಕೆ ಸದಸ್ಯರೂ ಅದರ ಸುತ್ತಲೇ ಮಾತಾಡಬೇಕಾಗುತ್ತದೆ.

ನೀತಿ ಓದಿದವನಿಗೆ ಕೆಲಸ ಯಾರು ಕೊಡುತ್ತಾರೆ ಎಂಬ ಪೋಷಕರ ಪ್ರಶ್ನೆಗೆ ಉತ್ತರ ಕಷ್ಟವಲ್ಲ. ನಾಲ್ಕು ಸಾರಿಗೆ ನಿಗಮಗಳು, ಮೆಟ್ರೊ, ನವಮಂಗಳೂರು ಬಂದರು, ಹೊಸಕೋಟೆ–ನೆಲಮಂಗಲದ ಸುತ್ತಲ ಗೋದಾಮುಗಳು, ಮಹಾನಗರ ಪಾಲಿಕೆಗಳು ಎಲ್ಲಕ್ಕೂ ಲೆಕ್ಕ ಬಲ್ಲವರು ಬೇಕು. ಕಷ್ಟದ ಮಾತು ಬೇರೆ ಇದೆ, ಅದನ್ನು ನೀವು ಸೌಜನ್ಯದಿಂದ ಹೇಳದೇ ಇರಬಹುದು. ಮಂಜೂರಾದ ಹುದ್ದೆಗಳು ವರ್ಷಗಟ್ಟಲೆ ಖಾಲಿ, ಅತಿಥಿ ಉಪನ್ಯಾಸಕರ ಮೇಲೆ ನಡೆಯುವ ವಿಭಾಗಗಳು, ಸಂಬಳವೇ ತಡವಾಗುವಾಗ ಸಂಶೋಧನೆಯ ಮಾತೆಲ್ಲಿ? ಇದಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಆದರೆ ಹಣ ಹೇಗೆ ಬರಬೇಕು ಎಂಬುದಕ್ಕೊಂದು ದಾರಿ ಇದೆ. ಅಮೆರಿಕದ ಸಂಸತ್ತು 1987ರಲ್ಲಿ ಹೆದ್ದಾರಿಗಳ ಹಣ ಹಂಚುವ ಕಾನೂನಿನಲ್ಲೇ ವಿಶ್ವವಿದ್ಯಾಲಯ ಸಾರಿಗೆ ಕೇಂದ್ರಗಳಿಗೂ ಒಂದು ಪಾಲಿಟ್ಟಿತು. ಮೊದಲು ಹತ್ತು ಪ್ರದೇಶಗಳಿಗೆ ಹತ್ತು ಕೇಂದ್ರ, ಪಡೆಯುವವರು ತಮ್ಮ ಕಡೆಯಿಂದಲೂ ಹಣ ಹೊಂದಿಸಬೇಕೆಂಬ ಷರತ್ತು. ರಸ್ತೆಗೆ ಸುರಿಯುವ ದುಡ್ಡಿನಲ್ಲೇ ರಸ್ತೆಯನ್ನು ಓದುವ ಖರ್ಚೂ ಸೇರಿದೆ ಎಂಬ ತಿಳಿವಳಿಕೆ ಅದು. ನಮ್ಮ ರಾಜ್ಯದ ಬಜೆಟ್ಟಿನಲ್ಲೂ ದೊಡ್ಡ ಸಾರಿಗೆ ಯೋಜನೆಯ ಅಂದಾಜಿಗೆ ಒಂದು ಸಣ್ಣ ಬಾಬ್ತು ಸೇರಿಸಿ, ಅದು ಹತ್ತು ವರ್ಷ ಒಂದು ವಿಶ್ವವಿದ್ಯಾಲಯಕ್ಕೆ ಹೋಗುವಂತೆ ಮಾಡಿ ಎಂದು ಕೇಳಲು ಅಡ್ಡಿಯಿಲ್ಲ. ಜೊತೆಗೊಂದು ಷರತ್ತು ನಿಮ್ಮ ಕಡೆಯಿಂದ ಇರಲಿ: ಹಣ ಕೊಟ್ಟವರಿಗೆ ಫಲಿತಾಂಶ ಹಿಡಿಸದಿದ್ದರೂ ಪ್ರಕಟಿಸುವ ಹಕ್ಕು ಬರವಣಿಗೆಯಲ್ಲಿ ಬೇಕು. ಅದಿಲ್ಲದ ಹಣ ತೆಗೆದುಕೊಂಡರೆ ನೀವು ಕಡಿಮೆ ಫೀಸಿನ ಕನ್ಸಲ್ಟೆಂಟರಾಗುತ್ತೀರಿ, ಅವರು ಈಗಲೇ ಸಾಕಷ್ಟಿದ್ದಾರೆ.

ಫಲ ಬೇಗ ಸಿಗುತ್ತದೆಂದು ಆಸೆ ತೋರಿಸಲಾರೆ. ಕೊಲಂಬಿಯಾ ವಿಶ್ವವಿದ್ಯಾಲಯದ ವಿಲಿಯಂ ವಿಕ್ರಿ, ದಟ್ಟಣೆಯ ಹೊತ್ತಿನಲ್ಲಿ ರಸ್ತೆ ಬಳಸುವವರು ಅದಕ್ಕೆ ಬೆಲೆ ತೆರಬೇಕು ಎಂದು ವಾದಿಸತೊಡಗಿದ್ದು 1950ರ ದಶಕದಲ್ಲಿ. ಅವರದೇ ನಗರ ನ್ಯೂಯಾರ್ಕ್ ಅದನ್ನು ಜಾರಿಗೆ ತಂದದ್ದು 2025ರ ಜನವರಿಯಲ್ಲಿ. ನಡುವೆ ಅವರಿಗೆ ನೊಬೆಲ್ ಬಂತು, ಬಂದ ಮೂರೇ ದಿನಕ್ಕೆ ಅವರು ತೀರಿಕೊಂಡರು.

ಹಾಗಾಗಿ ಕೇಂದ್ರ, ಕಟ್ಟಡ, ಉದ್ಘಾಟನೆ ಇವುಗಳನ್ನೆಲ್ಲ ಆಮೇಲೆ ನೋಡೋಣ. ಬರುವ ಸೆಮಿಸ್ಟರಿನ ಸಾರಿಗೆ ಎಂಜಿನಿಯರಿಂಗ್ ಪ್ರಶ್ನೆಪತ್ರಿಕೆಯಲ್ಲಿ, ತಿರುವಿನ ಸೂಪರ್ ಎಲಿವೇಶನ್ ಕಂಡುಹಿಡಿಯುವ ಪ್ರಶ್ನೆಯನ್ನು ಹಾಗೇ ಇಟ್ಟು, ಅದರ ಕೆಳಗೆ ಹತ್ತು ಅಂಕದ ಇನ್ನೊಂದು ಪ್ರಶ್ನೆ ಸೇರಿಸಿ. ಅದನ್ನೇ ಅರ್ಥಶಾಸ್ತ್ರದ ಎಂಎ ಪತ್ರಿಕೆಯಲ್ಲೂ ಕೇಳಿ, ಎರಡೂ ಕಡೆಯ ಉತ್ತರಪತ್ರಿಕೆಗಳನ್ನು ಒಟ್ಟಿಗೆ ಕೂತು ತಿದ್ದಿ: ‘ನಿಮ್ಮ ಊರಿನ ಒಂದು ಸಿಗ್ನಲಿನಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಎಪ್ಪತ್ತು ಜನರಿರುವ ಒಂದು ಬಸ್ಸು, ಒಟ್ಟು ನಲವತ್ತು ಜನರಿರುವ ಮೂವತ್ತು ಕಾರು, ಈರುಳ್ಳಿ ತುಂಬಿದ ಒಂದು ಲಾರಿ ನಿಂತಿವೆ. ಹಸಿರು ದೀಪ ನಲವತ್ತು ಸೆಕೆಂಡು. ಯಾರನ್ನು ಮೊದಲು ಬಿಡುತ್ತೀರಿ, ಕಾದವರಿಗೆ ಆದ ನಷ್ಟವೆಷ್ಟು, ಅದನ್ನು ಯಾರು ತೆರುತ್ತಾರೆ?’

ಇಂತಿ ನಿಮ್ಮ ವಿಶ್ವಾಸಿ